ಕಿಟಕಿ ಕೆಳಗಿನ ಸುರುಳಿ

ಶಾನವಾಜ ನೆಲಕ್ಕೆ ಹಾಸಬೇಕಾದ ಫರಸಿ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದಾಗ ಹಳದಿ ಧೂಳೆಲ್ಲ ಹರಿದು ಹೋಗಿ, ಕಂದು ಬಣ್ಣದ ಸುರುಳಿಯೊಂದು ಎದ್ದು ಕಾಣಿಸಿತು. ಅಂಗೈಯಷ್ಟು ಅಗಲ. ನಡುವಿನಿಂದ ಹೊರಟು, ಸುತ್ತಿನಿಂದ ಸುತ್ತಿಗೆ ದಪ್ಪವಾಗುತ್ತ ಬಂದು, ಕಲ್ಲಿನ ಅಂಚಿನ ಹತ್ತಿರ ನಿಂತಿತ್ತು. ಶಾನವಾಜನ ಕಣ್ಣಿಗೆ ಅದು ಕಲ್ಲು ಕೆಡಿಸಿದ ಕಲೆ. ಬೇರೆ ಕಲ್ಲು ತರಲು ಅವನು ಏಳುತ್ತಿದ್ದ. ಕೆಲಸದವರಿಗೆ ಚಹಾ ತಂದಿದ್ದ ಆರತಿ ಅವನನ್ನು ತಡೆದು, ಸೀರೆ ಧೂಳಾಗುವುದನ್ನೂ ಲೆಕ್ಕಿಸದೆ ಅಲ್ಲೇ ಮೊಣಕಾಲೂರಿ ಕುಳಿತಳು.

ಬೈರಿದೇವರಕೊಪ್ಪದಲ್ಲಿ ಏಳುತ್ತಿದ್ದ ಆ ಮನೆ ಅವಳ ಮಾವ ಸಿದ್ದಲಿಂಗಪ್ಪನವರದು. ಹತ್ತಿ ವ್ಯಾಪಾರದವರು. ಅವರ ಒಬ್ಬನೇ ಮಗ ಗುರುಬಸವನನ್ನು ಮದುವೆಯಾಗುವ ಮುಂಚೆ ಆರತಿ ಧಾರವಾಡದಲ್ಲಿ ಭೂವಿಜ್ಞಾನ ಓದಿದ್ದಳು. ಇಂಥ ಸುರುಳಿಯನ್ನು ಅವಳು ಕಾಲೇಜಿನ ಗಾಜಿನ ಕಪಾಟಿನಲ್ಲಿ ಎಷ್ಟೋ ಸಲ ನೋಡಿದ್ದಳು. ಅಮೋನೈಟ್. ಸಮುದ್ರದಲ್ಲಿ ತೇಲುತ್ತಿದ್ದ, ಈಗ ಜಗತ್ತಿನಲ್ಲೇ ಇಲ್ಲದ ಪ್ರಾಣಿಯ ಚಿಪ್ಪು. ಧಾರವಾಡದ ಸುತ್ತಲಿನ ಬಂಡೆಗಳಲ್ಲಿ ಅದು ಸಿಗುವುದಿಲ್ಲ. ಆ ಬಂಡೆಗಳು ಅದಕ್ಕಿಂತ ಬಹಳ ಹಳೆಯವು. ಇದು ರಾಜಸ್ಥಾನದ ಕಲ್ಲಿನ ಜೊತೆ ಲಾರಿ ಹತ್ತಿ ಬಂದಿತ್ತು.

ಮದುವೆಯಾದಂದಿನಿಂದ ಓದಿದ್ದು ಯಾವುದೂ ಅವಳ ಕೆಲಸಕ್ಕೆ ಬಂದಿರಲಿಲ್ಲ. ಮನೆಯಲ್ಲಿ ಯಾರೂ ಅದರ ಬಗ್ಗೆ ಕೇಳಿರಲೂ ಇಲ್ಲ. ಈಗ ಅದೇ ಮನೆಬಾಗಿಲಿಗೆ ನಡೆದು ಬಂದಂತಾಗಿ ಅವಳಿಗೆ ಹಿಗ್ಗು ತಡೆಯದಾಯಿತು. ಈ ಕಲ್ಲನ್ನು ತಾನು ಮತ್ತು ಗುರುಬಸವ ಮಲಗುವ ಖೋಲಿಯಲ್ಲಿ ಕಿಟಕಿಯ ಕೆಳಗೆ ಹಾಕಬೇಕೆಂದು ಶಾನವಾಜನಿಗೆ ಹೇಳಿದಳು. ಸಾವ್ಕಾರರನ್ನು ಒಂದು ಮಾತು ಕೇಳುವುದು ಒಳ್ಳೆಯದಲ್ಲವೇ ಎಂದು ಅವನು ಅನುಮಾನಿಸಿದ.

"ಈಗ ಯಾರಿಗೂ ಹೇಳಬ್ಯಾಡ್ರಿ ಶಾನವಾಜಣ್ಣ. ಮನಿ ಶಾಂತಿ ದಿನ ನಾನ ಎಲ್ಲಾರ್ನೂ ಕರದು ತೋರಸ್ತೇನಿ," ಎಂದಳು.

ಅವನು ನಕ್ಕು ತಲೆಯಾಡಿಸಿದ. ಸಿದ್ದಲಿಂಗಪ್ಪನವರ ಹತ್ತಿ ಗೋದಾಮಿಗೆ ನೆಲ ಹಾಕಿದವನೂ ಅವನೇ. ಕೊಟ್ಟ ಮಾತು ತಪ್ಪುವವನಲ್ಲ ಎಂದು ಮನೆಯವರೆಲ್ಲರಿಗೂ ಗೊತ್ತಿತ್ತು.

ಆಮೇಲೆ, ಬಸುರಿಯಾಗಿದ್ದ ಆರತಿಗೆ ಆ ಮನೆಗೆ ಹೋಗಲಾಗಲಿಲ್ಲ. ಬಸಿರು ಬೆಳೆದಂತೆ ಸುಸ್ತು ಹೆಚ್ಚಾಯಿತು; ಅತ್ತೆ ಮುರಿಗೆವ್ವ ಅವಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ನೆಲಕ್ಕೆ ಪಾಲಿಶ್ ಆದದ್ದನ್ನೂ ಅವಳು ನೋಡಲಿಲ್ಲ. ಗೃಹಪ್ರವೇಶಕ್ಕೆ ಒಂದು ವಾರ ಇದೆ ಎನ್ನುವಾಗ ಮನೆ ತೊಳೆಯಲು ಹೆಂಗಸರೆಲ್ಲ ಹೊರಟರು. ತಾನು ಸುಮ್ಮನೆ ಕುಳಿತಿರುತ್ತೇನೆಂದು ಹಟ ಹಿಡಿದು ಆರತಿಯೂ ಹೋದಳು. ಏಳು ತಿಂಗಳು ತುಂಬಿತ್ತು. ಪಡಸಾಲೆಯ ಕುರ್ಚಿಯಲ್ಲಿ ಕುಳಿತವಳು, ಎಲ್ಲರೂ ಕೆಲಸದಲ್ಲಿದ್ದಾಗ ಮೆಲ್ಲಗೆ ಎದ್ದು ಆ ಕಲ್ಲನ್ನೊಮ್ಮೆ ನೋಡಿ ಬರಬೇಕೆಂದುಕೊಂಡಳು. ಎದ್ದ ಕೂಡಲೇ ಕಾಲಿನ ಮೇಲೆ ಬೆಚ್ಚಗೆ ಏನೋ ಹರಿಯಿತು. ಬಗ್ಗಿ ನೋಡಿದರೆ ರಕ್ತ.

ಹೆಂಗಸರನ್ನು ಕರೆತಂದಿದ್ದ ಗುರುಬಸವ ಅವಳನ್ನು ಎತ್ತಿಕೊಂಡೇ ಕಾರಿಗೆ ಹಾಕಿ ಸತ್ತೂರಿನ ದವಾಖಾನೆಯ ಕಡೆ ಹೊರಟ. ಸೊಸೆಯ ಚೀಲ, ಚಾದರ ತೆಗೆದುಕೊಂಡು ಹಿಂದಿನಿಂದ ಆಟೋದಲ್ಲಿ ಹೋಗಬೇಕೆಂದು ಮುರಿಗೆವ್ವ ಮಗ ಸೊಸೆಯ ಖೋಲಿಗೆ ಹೋದರು. ಆಗಷ್ಟೇ ತೊಳೆದ ನೆಲ ಇನ್ನೂ ಹಸಿಯಾಗಿತ್ತು. ಕಿಟಕಿಯ ಬಿಸಿಲು ನೇರವಾಗಿ ಬಿದ್ದ ಜಾಗದಲ್ಲಿ, ಸಿಂಬೆ ಸುತ್ತಿ ಹೆಡೆ ಎತ್ತಿದ ಸರ್ಪವೊಂದು ನೆಲದೊಳಗಿನಿಂದ ಅವರನ್ನು ನೋಡುತ್ತಿತ್ತು.

ಪ್ರತಿ ಪಂಚಮಿಗೆ ಉಪವಾಸವಿದ್ದು ನಾಗಪ್ಪನಿಗೆ ಹಾಲೆರೆಯುವವರು ಮುರಿಗೆವ್ವ. ಅದರ ಮೇಲೆ ಎಷ್ಟು ಮಂದಿ ಕಾಲಿಟ್ಟರು, ಕಸಬರಿಗೆ ಆಡಿಸಿದರು ಎಂದು ನೆನೆದು ಅವರು ಕೆನ್ನೆ ಬಡಿದುಕೊಂಡರು. ಬಸುರಿ ಮಲಗಬೇಕಾದ ಖೋಲಿ. ಹೊರಗೆ ಕುರ್ಚಿಯ ಬುಡದಲ್ಲಿ ಅವಳ ರಕ್ತ. ಮುರಿಗೆವ್ವ ತಮ್ಮನನ್ನು ಕೂಗಿ ಕರೆದರು.

ತಮ್ಮ ಪರಮೇಶ ಮನೆಯ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ. ಮೆಟ್ಟಿಲಿಗೆ ಕಲ್ಲು ಹಾಕುತ್ತಿದ್ದ ಶಾನವಾಜನನ್ನು ಅವನು ಖೋಲಿಗೆ ಕರೆಸಿದ. ಶಾನವಾಜ ಅದು ತಾನು ಮಾಡಿದ್ದಲ್ಲ, ಕಲ್ಲಿನೊಳಗೇ ಇತ್ತು ಎಂದ. ಹಾಗಾದರೆ ಇಷ್ಟು ಖೋಲಿಗಳಿರುವಾಗ ಬಸುರಿಯ ಖೋಲಿಯಲ್ಲೇ ಹಾಕಲು ನಿನಗೆ ಯಾರು ಹೇಳಿದರು ಎಂದು ಪರಮೇಶ ಕೇಳಿದ. ಶಾನವಾಜ ಪಡಸಾಲೆಯ ಕಡೆ, ಖಾಲಿ ಕುರ್ಚಿಯ ಕಡೆ ನೋಡಿದ. ಉತ್ತರ ಕೊಡಲಿಲ್ಲ.

ಆ ಮೌನವೇ ಸಾಕಾಯಿತು. ಪರಮೇಶ ಬಗ್ಗಿ ಬೈಕಿನ ಕೀಲಿಯಿಂದ ಹೆಡೆಯ ಮೇಲೆ ಕೆರೆದ. ಕಲ್ಲಾಗಿದ್ದರೆ ಬರೇ ಗೀರು ಬೀಳಬೇಕಿತ್ತು. ಬದಲಿಗೆ ಅಂಟಿನ ಚೂರು ಮೇಣದಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು.

"ಕಲ್ಲಾಗ ಇತ್ತಂದೆಲ್ಲ. ಇದೇನು ಹಂಗಾರ?" ಎಂದ ಪರಮೇಶ.

ಪಾಲಿಶ್ ಮಾಡುವಾಗ ಅಲ್ಲಿ ಕುಳಿ ಬಿದ್ದಿತ್ತು, ಕಾಲಿಗೆ ತಾಗಬಾರದೆಂದು ಅಂಟು ತುಂಬಿದೆ ಎಂದು ಶಾನವಾಜ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಪರಮೇಶ ಮತ್ತೊಮ್ಮೆ ಕೆರೆದು, ಅದರ ವಿಡಿಯೋ ಮಾಡಿ, ನೆಂಟರ ಗುಂಪಿಗೂ ಬಡಾವಣೆಯ ಗುಂಪಿಗೂ ಹಾಕಿದ. ಸ್ವಲ್ಪ ಹೊತ್ತಿನಲ್ಲೇ ಗೇಟಿನ ಮುಂದೆ ಬೈಕುಗಳು ಬಂದು ನಿಲ್ಲತೊಡಗಿದವು. ಶಾನವಾಜನ ಫೋನು, ಕಲ್ಲು ಕೊಯ್ಯುವ ಮಷೀನು ಎರಡನ್ನೂ ತೆಗೆದಿಟ್ಟು, ಸಾವ್ಕಾರರು ಬರುವತನಕ ಕಟ್ಟೆಯ ಮೇಲೆ ಕುಳಿತಿರಬೇಕೆಂದರು. ಬಂದವರಲ್ಲಿ ಕೆಲವರಿಗೆ ಅವನ ಹೆಸರು ಕೇಳಿದ ಮೇಲೆ ಬೇರೆ ಏನೂ ಕೇಳುವುದು ಬೇಕಾಗಿರಲಿಲ್ಲ.

ಇತ್ತ ದವಾಖಾನೆಯಲ್ಲಿ ಆರತಿಗೆ ರಕ್ತ ಹೋಗುವುದು ನಿಂತಿತ್ತು. ಕೂಸಿನ ಮಾಸು ಕೆಳಗೆ, ಗರ್ಭಕೋಶದ ಬಾಯಿಯ ಹತ್ತಿರ ಕುಳಿತಿದೆ, ಅದರಿಂದ ಹೀಗಾಗಿದೆ, ಕೂಸಿನ ಎದೆಬಡಿತ ಸರಿಯಾಗಿದೆ, ಆದರೆ ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆರತಿಯ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರಕ್ಕೆ ಜೋಡಿಸಿದ್ದರು. ಒಳಗಿನ ಜೀವದ ಬಡಿತ ಟಕ್ ಟಕ್ ಎಂದು ಖೋಲಿಯನ್ನು ತುಂಬುತ್ತಿತ್ತು. ಮುರಿಗೆವ್ವ ಬಂದು ಹಾಸಿಗೆಯ ಕಾಲ ಹತ್ತಿರ ಕುಳಿತರು. ಸೊಸೆಯ ಮುಖ ನೋಡಲಿಲ್ಲ, ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಗುರುಬಸವನ ಫೋನು ಸುಮ್ಮನಿರಲಿಲ್ಲ. ಮೇಲಿಂದ ಮೇಲೆ ಹೊರಗೆ ಹೋಗಿ ಮಾತಾಡಿ ಬರುತ್ತಿದ್ದ.

ಗಂಜಿ ತರಲು ಅತ್ತೆ ಕೆಳಗೆ ಹೋದಾಗ ಆರತಿ ಏನಾಗಿದೆ ಎಂದು ಒತ್ತಾಯಿಸಿ ಕೇಳಿದಳು. ಅವನು ಬೇಡ ಬೇಡ ಎನ್ನುತ್ತಲೇ ವಿಡಿಯೋ ತೋರಿಸಿ, ಬಾಯಿ ಬಿಡದ ಶಾನವಾಜನನ್ನು ಕಟ್ಟೆಯ ಮೇಲೆ ಕೂರಿಸಿದ್ದಾರೆಂದೂ ಹೇಳಿದ. ಕಿಟಕಿಯ ಬಿಸಿಲು, ಹಳದಿ ಕಲ್ಲು, ಸುರುಳಿ. ಅವಳಿಗೆ ಕೂಡಲೇ ಗುರುತು ಸಿಕ್ಕಿತು. ಆದರೆ ಹೆಡೆ? ಅವಳು ನೋಡಿದಾಗ ಹೆಡೆ ಇರಲಿಲ್ಲ. ಕೀಲಿಯ ತುದಿಗೆ ಅಂಟು ಎದ್ದು ಬರುವುದನ್ನು ಅವಳು ಎರಡೆರಡು ಸಲ ನೋಡಿದಳು. ಚಂದ ಕಾಣಲೆಂದು ಶಾನವಾಜ ತಾನೇ ಏನಾದರೂ ಸೇರಿಸಿಬಿಟ್ಟನೇ? ಅಥವಾ ಅಂದು ತಾನು ನೋಡಿದ್ದೇ ತಪ್ಪೇ?

ಅವಳು ಅದನ್ನು ರಾಹೇಲ ಮೇಡಂಗೆ ಕಳಿಸಿದಳು. ಕಾಲೇಜಿನಲ್ಲಿ ಪಳೆಯುಳಿಕೆಗಳ ಪಾಠ ಹೇಳಿದವರು ಅವರೇ. ಮೇಡಂ ತಕ್ಷಣ ಫೋನ್ ಮಾಡಿದರು. ಚಿತ್ರ ನೋಡಿದರೆ ಅಮೋನೈಟೇ ಅನ್ನಿಸುತ್ತದೆ ಎಂದರು. ಒಳಸುತ್ತುಗಳಲ್ಲಿ ಅಡ್ಡಗೋಡೆಗಳ ಗೆರೆಗಳಿವೆ, ಕೊನೆಯ ಅರ್ಧ ಸುತ್ತಿನಲ್ಲಿ ಒಂದೂ ಇಲ್ಲ. ಪ್ರಾಣಿ ಬದುಕಿದ್ದ ಖೋಲಿ ಅದು, ತುದಿಯಲ್ಲಿ ಬಾಯಿ ತೆರೆದಿರುತ್ತದೆ, ಗೋಡೆಯ ಆಸರೆ ಇಲ್ಲದ್ದರಿಂದ ಮೊದಲು ಒಡೆಯುವುದೂ ಅದೇ. ಹೆಡೆಯಂತೆ ಕಾಣುವುದು ಆ ಒಡೆದ ಬಾಯಿಯೇ ಇರಬಹುದು. ಆದರೆ ಬರೇ ಚಿತ್ರ ನೋಡಿ ಪ್ರಮಾಣ ಮಾಡಲಾರೆ ಎಂದರು. ಅಡ್ಡ ಕೊಯ್ದರೆ ಗೊತ್ತಾಗುತ್ತದೆ. ಅಂಟಿನ ಚಿತ್ತಾರವಾದರೆ ಮೇಲಷ್ಟೇ ಇರುತ್ತದೆ, ಚಿಪ್ಪಾದರೆ ಕಲ್ಲಿನೊಳಗೂ ಇಳಿದಿರುತ್ತದೆ.

"ಆದ್ರ ಆರತಿ, ಭಾಳ ಭರವಸಾ ಕೊಡಬ್ಯಾಡ. ಒಮ್ಮೊಮ್ಮೆ ಒಳಗಿಂದೆಲ್ಲಾ ಕರಗಿ ಬರೇ ಕಲ್ಲಾಗಿರತೈತಿ. ಕೊಯ್ದ್ರೂ ಏನೂ ಕಾಣಂಗಿಲ್ಲ."

ಫೋನಿಟ್ಟು ಆರತಿ ಗಂಡನಿಗೆ ನಿಜ ಹೇಳಿದಳು. ಕಲ್ಲು ಅಲ್ಲಿ ಹಾಕಲು ಹೇಳಿದ್ದು ತಾನು. ಯಾರಿಗೂ ಹೇಳಬೇಡ ಎಂದಿದ್ದೂ ತಾನು.

ಗುರುಬಸವ ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ, ಇದನ್ನು ಅವ್ವನ ಮುಂದೆ ಮಾತ್ರ ಆಡಬೇಡ ಎಂದ. ಇವತ್ತು ಕೂಸಿಗೆ ಏನೂ ಆಗಿಲ್ಲ. ನಾಳೆ ಏನಾದರೂ ಆದರೆ ಜೀವ ಇರುವತನಕ ಅವರು ನಿನ್ನನ್ನೇ ದೂರುತ್ತಾರೆ. ಶಾನವಾಜನನ್ನು ತಾನು ಹೇಗಾದರೂ ಸಮಾಧಾನ ಮಾಡಿ ಮನೆಗೆ ಕಳಿಸುತ್ತೇನೆ, ಕೂಸು ಹುಟ್ಟಿದ ಮೇಲೆ ಎಲ್ಲ ಹೇಳಿದರಾಯಿತು ಎಂದ.

"ಅಲ್ಲಿತನಕ ಅಂವಾ ಕಟ್ಟಿ ಮ್ಯಾಲೆ ಕೂತಿರ್ತಾನೇನ್ರಿ?" ಎಂದಳು ಆರತಿ.

ಗುರುಬಸವನ ಫೋನು ಮತ್ತೆ ಸದ್ದು ಮಾಡಿತು. ಗೇಟಿನ ಮುಂದೆ ಜನ ಹೆಚ್ಚಾಗಿದ್ದಾರೆ, ಯಾರೋ ಶಾನವಾಜನ ಅಂಗಿ ಹಿಡಿದು ಎಳೆದರು, ಬೇಗ ಬಾ ಎಂದು ಪಕ್ಕದ ಮನೆಯವರು ಹೇಳಿದ್ದು ಆರತಿಗೂ ಕೇಳಿಸಿತು. ಅಷ್ಟರಲ್ಲಿ ಮುರಿಗೆವ್ವ ಗಂಜಿಯ ಡಬ್ಬಿ ಹಿಡಿದು ಒಳಗೆ ಬಂದರು.

ಆರತಿ ಏಳುವಂತಿರಲಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿ ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತಿ, ಆ ಕಲ್ಲ ಅಲ್ಲಿ ಹಾಕಸಿದಾಕಿ ನಾನ್ರಿ. ಶಾನವಾಜಂದು ತಪ್ಪಿಲ್ಲ. ಯಾರಿಗೂ ಹೇಳಬ್ಯಾಡಂತ ನಾನ ಅಂದಿದ್ದೆ, ಅದಕ್ಕ ಅಂವಾ ಬಾಯಿ ಬಿಟ್ಟಿಲ್ಲ."

ಮುರಿಗೆವ್ವ ಕೈ ಬಿಡಿಸಿಕೊಂಡರು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಅದರ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. ಸರ್ಪ ಅಂತ ಗೊತ್ತಿದ್ದೂ ಹಾಕಿಸಿದೆಯಾ ಎಂದು ಅವರು ಕೇಳಿದರು. ಅದು ಸರ್ಪವಲ್ಲ, ಸಮುದ್ರದ ಪ್ರಾಣಿಯ ಚಿಪ್ಪು ಎಂದು ಆರತಿ ಹೇಳಿದಳು. ಶಂಖದ ಹಾಗೆ. ಅದು ಬೆಳೆದಂತೆಲ್ಲ ಮುಂದೆ ಸರಿದು, ಹಿಂದೆ ಒಂದು ಗೋಡೆ ಕಟ್ಟಿಕೊಂಡು ಹೊಸ ಖೋಲಿಯಲ್ಲಿ ಇರುತ್ತಿತ್ತು. ಹಿಂದಿನ ಖೋಲಿಗಳಲ್ಲಿ ಬರೇ ಗಾಳಿ. ಅದರಿಂದಲೇ ನೀರಿನಲ್ಲಿ ತೇಲುತ್ತಿತ್ತು. ಎಲ್ಲ ಖೋಲಿಗಳ ಮೂಲಕ ಒಂದು ಸಣ್ಣ ನಾಳ ಹಾದು ಹೋಗುತ್ತಿತ್ತು.

ಮುರಿಗೆವ್ವ ಅದನ್ನು ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಮಗನ ಕಡೆ ತಿರುಗಿ, "ನಿಮ್ಮಪ್ಪಗ ಫೋನ್ ಹಚ್ಚು. ನನಗ ಹೇಳಿದ್ದನ್ನ ಅವ್ರಿಗೂ ಈಕಿನ ಹೇಳ್ಲಿ," ಎಂದರು.

ಸಿದ್ದಲಿಂಗಪ್ಪನವರು ಅಮರಗೋಳದ ಮಾರುಕಟ್ಟೆಯಿಂದ ಆಗಷ್ಟೇ ಹೊಸ ಮನೆಗೆ ಬಂದು ತಲುಪಿದ್ದರು. ಮಾತು ಕಡಿಮೆಯ ಮನುಷ್ಯ. ಸೊಸೆ ಅವರ ಜೊತೆ ಫೋನಿನಲ್ಲಿ ಮಾತಾಡಿದ್ದೇ ಅಪರೂಪ. ಮೇಡಂ ಮಾತಿನ ಸಮೇತ ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಸುತ್ತ ಜನರ ಗದ್ದಲವಿತ್ತು. ನಿನ್ನ ಮಾತು ನಾನು ನಂಬಿದರೆ ಸಾಲದು, ಇಲ್ಲಿ ನಿಂತವರೂ ನಂಬಬೇಕು ಎಂದರು.

"ಕೊಯ್ದು ನೋಡಿದ್ರ ಗೊತ್ತಾಗತೈತೇನವಾ?"

ಮೇಡಂ ಹೇಳಿದ್ದು ಆರತಿಯ ಕಿವಿಯಲ್ಲಿತ್ತು. ಏನೂ ಕಾಣದಿದ್ದರೆ ಶಾನವಾಜನ ಪಾಲಿಗೆ ಇರುವ ಒಂದೇ ದಾರಿಯೂ ಮುಚ್ಚುತ್ತದೆ. ಕೊಯ್ಯದಿದ್ದರೂ ಮುಚ್ಚಿದ ಹಾಗೆಯೇ.

"ಗೊತ್ತಾಗತೈತ್ರಿ ಮಾವಾರ," ಎಂದಳು. ಕೊಯ್ಯುವ ಮುಂಚೆ ತಾನು ಹೇಳುವುದನ್ನು ಅಲ್ಲಿದ್ದವರೆಲ್ಲ ಕೇಳಲಿ ಎಂದು ಕೇಳಿಕೊಂಡಳು. ಮಾವ ಫೋನಿನ ಸ್ಪೀಕರ್ ಹಾಕಿದರು. ಸುರುಳಿ ಕಲ್ಲಿನೊಳಗೆ ಇಳಿದಿರುತ್ತದೆ; ನಡುವಿನಿಂದ ಎರಡೂ ಕಡೆ ಖೋಲಿಗಳು ಕಾಣುತ್ತವೆ, ನಡುವೆ ಸಣ್ಣವು, ಹೊರಗೆ ಹೋದಂತೆ ದೊಡ್ಡವು; ಅವುಗಳಲ್ಲಿ ಬಿಳಿ ಹರಳು ತುಂಬಿರುತ್ತದೆ. ಹೆಡೆಯ ಜಾಗ ಚಿಪ್ಪಿನ ತೆರೆದ ಬಾಯಿಯಾದ್ದರಿಂದ ಅಲ್ಲಿ ಮಾತ್ರ ಅಂಟಿನ ಕೆಳಗೆ ಹರಳಿಲ್ಲ, ಕಲ್ಲಿನದೇ ಮಣ್ಣು ಇರುತ್ತದೆ. ಒಂದೊಂದನ್ನೂ ಅವಳು ನಿಧಾನವಾಗಿ ಹೇಳಿದಳು.

ಗುರುಬಸವ ಹೊಸ ಮನೆಗೆ ಹೋಗಿ ವಿಡಿಯೋ ಕಾಲ್ ಮಾಡಿದ. ಮುರಿಗೆವ್ವ ತಮ್ಮ ಫೋನನ್ನು ಇಬ್ಬರಿಗೂ ಕಾಣುವಂತೆ ಹಿಡಿದರು. ನೆಲದಿಂದ ಕಲ್ಲು ಎಬ್ಬಿಸಿ ಅಂಗಳಕ್ಕೆ ತಂದಿದ್ದರು. ಶಾನವಾಜನ ಅಂಗಿಯ ಜೇಬು ಹರಿದು ನೇತಾಡುತ್ತಿತ್ತು, ತುಟಿ ಊದಿತ್ತು. ಸಿದ್ದಲಿಂಗಪ್ಪನವರು ಮಷೀನನ್ನು ಅವನ ಕೈಗೆ ಕೊಟ್ಟಾಗ ಪರಮೇಶ ಅಡ್ಡ ಬಂದ. ಇವನೇ ಕೊಯ್ದರೆ ಕೈಚಳಕ ಮಾಡುತ್ತಾನೆ ಎಂದ. ಸಿದ್ದಲಿಂಗಪ್ಪನವರು ಧೋತರ ಎತ್ತಿಕಟ್ಟಿ, ಕಲ್ಲಿನ ಒಂದು ತುದಿಯನ್ನು ತಾವೇ ಹಿಡಿದು ಕುಳಿತರು.

ಮಷೀನು ಕಿರುಚಿತು. ಹಳದಿ ಧೂಳು ಎದ್ದು ಫೋನಿನ ತೆರೆಯೆಲ್ಲ ಮಸುಕಾಯಿತು. ಸದ್ದು ನಿಂತ ಮೇಲೆ ಶಾನವಾಜ ಎರಡು ತುಂಡುಗಳನ್ನು ಬೇರೆ ಮಾಡಿದ. ಗುರುಬಸವ ಫೋನನ್ನು ಕೊಯ್ದ ಅಂಚಿನ ಹತ್ತಿರ ತಂದ.

ಏನೂ ಇರಲಿಲ್ಲ. ಒಂದೇ ಸಮನೆ ಹಳದಿ.

"ಎಲ್ಲಿ ಅದಾವು ಖೋಲಿ?" ಎಂಬ ಪರಮೇಶನ ದನಿ ಕೇಳಿತು. ಹಿಂದಿದ್ದವರು ಮುಂದೆ ಬಂದರು. ತೆರೆಯ ತುಂಬ ಕಾಲುಗಳೇ ಕಂಡವು. ಆರತಿಯ ಹೊಟ್ಟೆ ಬಿಗಿಯಿತು. ಯಂತ್ರದ ಟಕ್ ಟಕ್ ವೇಗವಾಯಿತು. ನರ್ಸ್ ಓಡಿ ಬಂದು ಅವಳನ್ನು ಎಡಕ್ಕೆ ಮಗ್ಗುಲಾಗಿಸಿ, ಫೋನು ಸಾಕು ಎಂದಳು. ಮುರಿಗೆವ್ವ ಫೋನು ಆರಿಸಲು ಬೆರಳು ಎತ್ತಿದರು. ಅಷ್ಟರಲ್ಲಿ ಆರತಿಗೆ ಆ ಮೊದಲ ದಿನದ ತಂಬಿಗೆ ನೀರು ನೆನಪಾಯಿತು.

"ಧೂಳ ಕೂತೈತಿ," ಎಂದಳು ಉಸಿರು ಹಿಡಿದು. "ನೀರ ಹಾಕ್ರಿ ಅಂತ ಹೇಳ್ರಿ ಅತ್ತಿ."

ಮುರಿಗೆವ್ವ ಒಂದು ಗಳಿಗೆ ಸೊಸೆಯ ಮುಖ ನೋಡಿದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು, ನೀರು ಹಾಕಿ ನೋಡಿ ಎಂದು ಗಂಡನಿಗೆ ಗಟ್ಟಿಯಾಗಿ ಹೇಳಿದರು.

ಸಿದ್ದಲಿಂಗಪ್ಪನವರು ಬಕೆಟ್ಟನ್ನೇ ಎತ್ತಿ ಸುರಿದರು. ಹಳದಿ ಕೆಸರು ಇಳಿದು ಹೋಯಿತು. ಕಲ್ಲಿನ ದಪ್ಪದೊಳಗೆ, ನಡುವೆ ಕಡಲೆಯಷ್ಟು ಸಣ್ಣದಾಗಿ, ಎಡಕ್ಕೂ ಬಲಕ್ಕೂ ದೊಡ್ಡದಾಗುತ್ತ, ಕಂದು ಗೆರೆಯ ಸುತ್ತುಗೋಡೆಗಳ ಖೋಲಿಗಳ ಸಾಲು ಕಂಡಿತು. ಒಳಗೆ ಬಿಳಿ ಹರಳುಗಳು ಸಂಜೆ ಬಿಸಿಲಿಗೆ ಸಕ್ಕರೆಯಂತೆ ಹೊಳೆದವು. ಶಾನವಾಜ ಹೆಡೆಯ ಜಾಗದಲ್ಲಿ ಇನ್ನೊಮ್ಮೆ ಕೊಯ್ದು ನೀರು ಹಾಕಿದ. ಅಲ್ಲಿ ಉಗುರಿನಷ್ಟು ದಪ್ಪದ ಅಂಟು. ಅದರ ಕೆಳಗೆ ಹರಳಿಲ್ಲ, ಬರೇ ಹಳದಿ ಕಲ್ಲು, ಸುತ್ತ ಒಡೆದ ಚಿಪ್ಪಿನ ತೆಳು ಅಂಚು.

ಗದ್ದಲ ಇಳಿಯಿತು. ಮುಂದೆ ನಿಂತಿದ್ದವನೊಬ್ಬ ಬಗ್ಗಿ ಹರಳನ್ನು ಮುಟ್ಟಿ ನೋಡಿ ಹಿಂದೆ ಸರಿದ. ಬೈಕುಗಳು ಒಂದೊಂದಾಗಿ ಹೊರಟವು. ಯಾರೂ ಶಾನವಾಜನ ಹತ್ತಿರ ಬಂದು ಏನೂ ಹೇಳಲಿಲ್ಲ. ಸಿದ್ದಲಿಂಗಪ್ಪನವರು ಮಾತ್ರ ಹೆಂಡತಿಯ ತಮ್ಮನನ್ನು ಕರೆದು, ವಿಡಿಯೋ ಎಲ್ಲೆಲ್ಲಿ ಹಾಕಿದ್ದನೋ ಅಲ್ಲೆಲ್ಲ ತನ್ನದು ತಪ್ಪಾಯಿತೆಂದು ಬರೆಯಲು ಹೇಳಿದರು. ಅವನು ಬರೆದು ಕಳಿಸುವತನಕ ಎದುರಿಗೇ ನಿಂತಿದ್ದರು.

ದವಾಖಾನೆಯಲ್ಲಿ ಯಂತ್ರದ ಬಡಿತ ಮೊದಲಿನ ಗತಿಗೆ ಬಂತು. ಮುರಿಗೆವ್ವ ಫೋನು ಆರಿಸಿ ಚೀಲದಲ್ಲಿಟ್ಟರು. ಆಮೇಲೆ ಕೇಳಿದರು:

"ಅದರಾಗ ಒಂದ ಜೀವ ಇತ್ತು ಅನ್ನೂದು ಖರೇ ಹೌದಲ್ಲ?"

"ಹೌದ್ರಿ ಅತ್ತಿ."

"ಹಂಗಾರ ಅದು ಕಾಲಾಗ ಇರಬಾರದಿತ್ತು. ನನಗ ಒಂದ ಮಾತ ಹೇಳಿದ್ರ ನಾನ ಹೇಳ್ತಿದ್ದೆ."

ಮುರಿಗೆವ್ವ ಗಂಜಿಯನ್ನು ಚಮಚದಲ್ಲಿ ತೆಗೆದು ಅವಳ ಬಾಯಿಗೆ ಹಿಡಿದರು. ಆರಿದೆ, ಕುಡಿ ಎಂದರು. ಅಂದಿನಿಂದ ಹೆರಿಗೆಯಾಗುವತನಕ ಅವರು ಸೊಸೆಯ ಹಾಸಿಗೆ ಬಿಟ್ಟು ಕದಲಲಿಲ್ಲ. ಆದರೆ ಮೊದಲಿನಂತೆ ಹರಟೆ ಹೊಡೆಯಲು ಅವರಿಗೆ ಸಾಕಷ್ಟು ದಿನ ಹಿಡಿಯಿತು.

ಮರುದಿನ ಶಾನವಾಜ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆರತಿ ಫೋನ್ ಮಾಡಿ, ತನ್ನಿಂದ ಹೀಗಾಯಿತು ಎಂದು ತಪ್ಪೊಪ್ಪಿಕೊಂಡಳು. ತನ್ನ ಹೆಸರು ಹೇಳಿ ಪಾರಾಗಬಹುದಿತ್ತಲ್ಲ ಎಂದಳು. ರಕ್ತ ಹೋಗಿ ದವಾಖಾನೆ ಸೇರಿದವರ ಹೆಸರು ಆ ಜನರ ಬಾಯಿಗೆ ಹಾಕಲು ಮನಸ್ಸಾಗಲಿಲ್ಲ ಎಂದ ಅವನು. ಆಮೇಲೆ ಹೇಳಿದ:

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾರ. ಆದ್ರ ಅಲ್ಲಿ ನಿಂತವ್ರೊಳಗ ನಾಕ ಮಂದಿ ಮನಿಗೆ ನಾನ ಫರಸಿ ಹಾಕೇನಿ. ಅವ್ರ ಮನ್ಯಾಗ ಊಟಾ ಮಾಡೇನಿ. ಅವ್ರೊಳಗ ಒಬ್ಬರೂ ಬಾಯಿ ಬಿಡಲಿಲ್ಲ."

ಆರತಿ ಅದನ್ನು ಮಾವನಿಗೆ ಹೇಳಿದಳು. ಸಿದ್ದಲಿಂಗಪ್ಪನವರು ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋಗದೆ ಶಾನವಾಜನ ಮನೆಗೆ ಹೋದರು. ಅಲ್ಲಿ ಚಹಾ ಕುಡಿದು ಬಂದರು. ಏನು ಮಾತಾಡಿದರೆಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೊಯ್ದ ಕಲ್ಲಿನ ತುಂಡುಗಳನ್ನು ಮುರಿಗೆವ್ವನ ಮಾತಿನಂತೆ ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ಧಾರವಾಡಕ್ಕೆ, ರಾಹೇಲ ಮೇಡಂ ಕಡೆಗೆ ಕಳಿಸಿದರು.

ಶಾನವಾಜ ಒಂದು ವಾರ ಬಿಟ್ಟು ಬಂದು ಮೆಟ್ಟಿಲಿನ ಕೆಲಸ ಮುಗಿಸಿದ. ಕಿಟಕಿಯ ಕೆಳಗೆ ಒಂದೂ ಕಲೆಯಿಲ್ಲದ ಕಲ್ಲು ಹುಡುಕಿ ಹಾಕಿದ. ಪರಮೇಶ ಎದುರಾದಾಗ ಅವನೂ ಮಾತಾಡಲಿಲ್ಲ, ಇವನೂ ಮಾತಾಡಿಸಲಿಲ್ಲ. ಮುಂದೂಡಿದ ಗೃಹಪ್ರವೇಶ ಕೂಸು ಹುಟ್ಟಿದ ಮೇಲೆ ನಡೆಯಿತು. ಆಪರೇಷನ್ ಮಾಡಿ ತೆಗೆದ ಹೆಣ್ಣುಮಗು, ತೂಕ ಕಡಿಮೆ, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಮನೆಗೆ ಕೊಟ್ಟಿದ್ದರು. ಊಟಕ್ಕೆ ಶಾನವಾಜನನ್ನು ಸಿದ್ದಲಿಂಗಪ್ಪನವರೇ ಹೋಗಿ ಕರೆದಿದ್ದರು. ಅವನು ಬರಲಿಲ್ಲ. ತನ್ನ ಹೆಂಡತಿಯ ಕೈಯಲ್ಲಿ ಕೂಸಿನ ತಲೆಗೆಂದು ಒಂದು ಕುಲಾವಿ ಕಳಿಸಿದ. ಮುರಿಗೆವ್ವ ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ, ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು.